ಊರಿಗೆ ಹೋಗಿ ಕಾಗದ ಬರೆಯುತ್ತೇವೆ

‘ಉದ್ಯೋಗಂ ಪುರುಷಲಕ್ಷಣಂ’ ಎಂದು ಹಿಂದಿನವರು ಹೇಳಿಟ್ಟಿದ್ದಾರೆ. ಹೇಳಿದವರು ಯಾರೋ ನಾನರಿಯೆ. ಅವರಿಗೆ ಆಗ ಉದ್ಯೋಗವಿತ್ತೆಂಬುದು ಮಾತ್ರ ನಿಸ್ಸಂದೇಹ. ಇಲ್ಲದವನ ಬಾಯಿಂದ ಇಂಥ ಸೂಕ್ತಿ ಹೊರಡುವುದಿಲ್ಲ. ನನಗಿದ್ದ ಈ ಏಕೈಕ ಲಕ್ಷಣವು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಶುಕ್ರವಾರ ಸಂಜೆ ನಾಲ್ಕೂವರೆ ಗಂಟೆಗೆ, ನನ್ನನ್ನು ಬಿಟ್ಟು ಹೊರಟುಹೋಯಿತು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವನು ನಾನು. ಅದು ಮುಚ್ಚಿಹೋಗುವುದೆಂದು ಲೆಕ್ಕದ ಪುಸ್ತಕ ಎರಡು ವರ್ಷಗಳಿಂದ ಸಾರಿ ಹೇಳುತ್ತಿತ್ತು. ಅದನ್ನು ಬರೆದವನು ನಾನೇ. ಆದರೆ ಓದಿದವನು ನಾನಲ್ಲ. ಮಾಲೀಕರು ಒಳ್ಳೆಯವರು. ಕೊನೆಯ ದಿನ ಎಲ್ಲರಿಗೂ ಕೈಮುಗಿದು, ಬಾಕಿ ಸಂಬಳ ಕೊಟ್ಟು, ಮೈಸೂರುಪಾಕಿನ ಪೊಟ್ಟಣ ಹಂಚಿದರು. ಅದನ್ನು ಮನೆಗೆ ತಂದಾಗ ನನ್ನ ಮಡದಿ, “ಏನು ವಿಶೇಷ? ಬಡ್ತಿಯೇ?” ಎಂದಳು.

“ಬಿಡುಗಡೆ” ಎಂದೆ.

ಅವಳು ಒಂದು ಕ್ಷಣ ಸುಮ್ಮನಿದ್ದು, ಪೊಟ್ಟಣವನ್ನು ದೇವರ ಮುಂದಿಟ್ಟಳು. ಬಳಿಕ, “ಮಾವನವರಿಗೆ ಈಗಲೇ ಹೇಳುವುದು ಬೇಡ” ಎಂದಳು.

ತಂದೆಯವರಿಗೆ ಈಗ ಎಂಬತ್ತೆರಡು. ಅವರು 1966ರಲ್ಲಿ ಉದ್ಯೋಗ ವಿನಿಮಯ ಕಚೇರಿಯ ಮೂಲಕ ಗುಮಾಸ್ತರಾಗಿ ಸೇರಿ, ಅದೇ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು, ಹಾರ ಹಾಕಿಸಿಕೊಂಡು ಹೊರಬಂದವರು. ಮಗನಾದವನು ಐವತ್ತೆರಡರಲ್ಲಿ ಹಾರವಿಲ್ಲದೆ ಹೊರಬಂದನೆಂದು ಅವರಿಗೆ ಹೇಗೆ ಹೇಳುವುದು? ಪುಣ್ಯಕ್ಕೆ ಒಂದು ಉಪಾಯವಿತ್ತು. 2020ರಲ್ಲಿ ಕೊರೋನಾ ಬಂದು ಜಗತ್ತಿಗೆಲ್ಲ ಕೇಡು ಮಾಡಿತಾದರೂ, ನನ್ನಂಥವರಿಗೆ ‘ಮನೆಯಿಂದಲೇ ಕೆಲಸ’ ಎಂಬ ನುಡಿಯೊಂದನ್ನು ಬಿಟ್ಟುಹೋಗಿದೆ. ಅಂದಿನಿಂದ ಗಂಡಸು ಹಗಲುಹೊತ್ತಿನಲ್ಲಿ ಮನೆಯೊಳಗೆ ಕಂಡರೆ ಯಾರೂ ಬೆರಗಾಗುವುದಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಊಟದ ಮೇಜಿಗೆ ಹಾಜರಾದೆ. ಹೊಸ ಕೆಲಸ ಹುಡುಕುವುದೇ ನನ್ನ ಹೊಸ ಕೆಲಸವಾಯಿತು. ಇದಕ್ಕೆ ಭಾನುವಾರದ ರಜವಿಲ್ಲ. ಒಂದನೆಯ ತಾರೀಕೂ ಇಲ್ಲ.

ಅದೇ ಮೇಜಿನ ಎದುರು ತುದಿಯಲ್ಲಿ ನನ್ನ ಮಗಳು ಕುಳಿತಿದ್ದಳು. ಕಾಲೇಜಿನ ಕೊನೆಯ ವರ್ಷ. ಅವಳೂ ಕೆಲಸ ಹುಡುಕುತ್ತಿದ್ದಳು. ಹೀಗೆ ಒಂದೇ ಮೇಜಿನಿಂದ ಎರಡು ತಲೆಮಾರಿನ ಅರ್ಜಿಗಳು ಹೊರಡತೊಡಗಿದವು. ಅವಳಿಗೆ ‘ಅನುಭವ ಸಾಲದು’ ಎನ್ನುವರು. ನನಗೆ ‘ಅನುಭವ ಹೆಚ್ಚಾಯಿತು’ ಎನ್ನುವರು. ಲೆಕ್ಕಿಗನಾದ ನಾನು ಇಬ್ಬರ ಅನುಭವವನ್ನೂ ಕೂಡಿ ಎರಡರಿಂದ ಭಾಗಿಸಿ ನೋಡಿದೆ. ಸರಾಸರಿ ಹದಿಮೂರು ವರ್ಷ ಬಂತು. ಎಲ್ಲ ಜಾಹೀರಾತುಗಳಿಗೂ ಬೇಕಾದವನು ಆ ಸರಾಸರಿ ಮನುಷ್ಯನೇ. ಅವನು ನಮ್ಮ ಮನೆಯಲ್ಲಿ ಹುಟ್ಟಲಿಲ್ಲ.

ಮೊದಲ ಸಂಕಟ ಬಯೋಡೇಟಾದ್ದು. ನಾನು ಬರೆದದ್ದು ಮೂರು ಸಾಲು: ಹೆಸರು, ವಿದ್ಯಾಭ್ಯಾಸ, ‘26 ವರ್ಷ ಲೆಕ್ಕ ಬರೆದಿದ್ದೇನೆ, ತಪ್ಪು ಬಂದಿಲ್ಲ’. ಮಗಳು ಓದಿ ತಲೆಯ ಮೇಲೆ ಕೈಯಿಟ್ಟುಕೊಂಡಳು.

“ಅಪ್ಪಾ, ‘ಲೆಕ್ಕ ಬರೆದೆ’ ಎನ್ನಬಾರದು. ‘ಸಂಸ್ಥೆಯ ಆರ್ಥಿಕ ವ್ಯವಸ್ಥೆಯ ನೇತೃತ್ವ ವಹಿಸಿದೆ’ ಎನ್ನಬೇಕು.”

“ನಮ್ಮ ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಯಾರಿಗೆ ನೇತೃತ್ವ?”

“ಅದನ್ನು ಅವರು ಕೇಳುವುದಿಲ್ಲ.”

‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆ ಕೇಳಿ ಬೆಳೆದವರು ನಾವು. ಆತ್ಮಸ್ತುತಿ ನಮಗೆ ಪಾಪ. ಆದರೆ ಈ ಪಾಪವನ್ನು ಮಹನೀಯರೂ ಮಾಡಿದ್ದಾರೆಂದು ಓದಿ ಸಮಾಧಾನಪಟ್ಟೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಪ್ರಭು ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಬೇಡಿ ಒಂದು ಕಾಗದ ಬರೆದನು. ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆ ಒಡೆಯಬಲ್ಲೆ, ಫಿರಂಗಿ ಎರಕ ಹೊಯ್ಯಬಲ್ಲೆ, ಮುಚ್ಚಿದ ರಥಗಳನ್ನು ಮಾಡಬಲ್ಲೆ ಎಂದು ಒಂದೊಂದಾಗಿ ಎಣಿಸಿ, ಕೊಟ್ಟಕೊನೆಗೆ, ಚಿತ್ರವನ್ನೂ ಬರೆಯಬಲ್ಲೆನೆಂದು ಸೇರಿಸಿದನು. ದೊರೆಗೆ ಬೇಕಾದದ್ದು ಯುದ್ಧ. ಅರ್ಜಿಯೂ ಹಾಗೆಯೇ ನಡೆಯಿತು. ಇನ್ನೊಂದು ಕಡೆ ನಮ್ಮ ರಾಮಾನುಜನ್. 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿಗೆ ಗುಮಾಸ್ತಗಿರಿಗಾಗಿ ಅರ್ಜಿ ಹಾಕಿದಾಗ, ಎಫ್.ಎ. ಓದು ಮುಂದುವರಿಸಲಾಗಲಿಲ್ಲ ಎಂಬುದನ್ನು ಅದರಲ್ಲಿಯೇ ಬರೆದುಬಿಟ್ಟರು. ಆದರೂ ತಿಂಗಳಿಗೆ 30 ರೂಪಾಯಿಯ ಆ ಕೆಲಸ ಸಿಕ್ಕಿತು. ನನಗೆ ರಾಮಾನುಜನ್ನರ ದಾರಿಯೇ ಹಿತವೆನಿಸಿತು. ಆದರೆ, “ಈಗ ಅರ್ಜಿ ಓದುವುದು ಮನುಷ್ಯನಲ್ಲ ಅಪ್ಪಾ, ಯಂತ್ರ” ಎಂದು ಮಗಳು ತಿಳಿಸಿದಳು.

ಇದು ನಿಜವಂತೆ. ದೊಡ್ಡ ಕಂಪೆನಿಗಳಿಗೆ ಒಂದು ಕೆಲಸಕ್ಕೆ ಸಾವಿರಾರು ಅರ್ಜಿಗಳು ಬರುತ್ತವೆ. ಅವನ್ನು ಮೊದಲು ಕಂಪ್ಯೂಟರೇ ಜರಡಿಯಾಡುತ್ತದೆ. ಜಾಹೀರಾತಿನಲ್ಲಿರುವ ಮಾತುಗಳು ಅರ್ಜಿಯಲ್ಲಿಯೂ ಇದ್ದರೆ ಉಳಿಯಿತು. ಇಲ್ಲದಿದ್ದರೆ ಹೊಟ್ಟಿನೊಂದಿಗೆ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಇಷ್ಟು ದೊಡ್ಡ ಭಾಷ್ಯ ಬೇರೆ ಇಲ್ಲ. ಆ ಪೂಜಾರಿಗಾದರೋ ದಕ್ಷಿಣೆ ಕೊಡಬಹುದಿತ್ತು!

ಬಯೋಡೇಟಾ ಕಳಿಸಿದ ಮೇಲೆ, ಅದರಲ್ಲಿರುವುದನ್ನೆಲ್ಲ ಇನ್ನೊಮ್ಮೆ ಬೇರೆ ಬೇರೆ ಚೌಕಗಳಲ್ಲಿ ತುಂಬಬೇಕು. ಒಂದು ಚೌಕ ‘ಈಗಿನ ಸಂಬಳವೆಷ್ಟು?’ ಎಂದು ಕೇಳಿತು. ಸತ್ಯಸಂಧನಾಗಿ ಸೊನ್ನೆ ಹಾಕಿದೆ. ‘ಸರಿಯಾದ ಸಂಖ್ಯೆ ನಮೂದಿಸಿ’ ಎಂದು ಕೆಂಪು ಅಕ್ಷರದಲ್ಲಿ ಗದರಿತು. ಸೊನ್ನೆಯನ್ನು ಜಗತ್ತಿಗೆ ಕೊಟ್ಟ ದೇಶದಲ್ಲಿ ಸೊನ್ನೆಗೆ ಈ ಗತಿ! ‘ಎಷ್ಟು ದಿನಗಳಲ್ಲಿ ಸೇರಬಲ್ಲಿರಿ?’ ಎಂಬುದಕ್ಕೆ ಮೂವತ್ತು, ಅರವತ್ತು, ತೊಂಬತ್ತು ದಿನಗಳೆಂಬ ಮೂರೇ ಉತ್ತರಗಳಿದ್ದವು. ಅರ್ಧ ಗಂಟೆಯಲ್ಲಿ ಸೇರಬಲ್ಲವನಿಗೆ ಅಲ್ಲಿ ಜಾಗವಿರಲಿಲ್ಲ. ಕೊನೆಯಲ್ಲಿ, ನಾನು ಯಂತ್ರವಲ್ಲವೆಂದು ಆ ಯಂತ್ರದ ಮುಂದೆ ಪ್ರಮಾಣ ಮಾಡಬೇಕು. ಒಂಬತ್ತು ಚಿತ್ರಗಳನ್ನು ತೋರಿಸಿ, ಇವುಗಳಲ್ಲಿ ಸಿಗ್ನಲ್ ದೀಪವಿರುವುವನ್ನು ಆರಿಸೆಂದಿತು. ಇಪ್ಪತ್ತಾರು ವರ್ಷ ಬೆಂಗಳೂರಿನ ಸಿಗ್ನಲ್ ದೀಪಗಳ ಮುಂದೆ ಜೀವ ತೇಯ್ದವನಿಗೆ ಆ ಪರೀಕ್ಷೆಯೊಂದೇ ಸುಲಭವಾಗಿತ್ತು.

ನಲವತ್ತು ಅರ್ಜಿಗಳಾದ ಮೇಲೆ ಒಂದು ಸಂದರ್ಶನ ಒದಗಿತು. ಮನೆಯಲ್ಲಿ ಕುಳಿತೇ, ಲ್ಯಾಪ್‌ಟಾಪಿನ ಮುಂದೆ. ತೆರೆಯಲ್ಲಿ ಕಾಣುವಷ್ಟು ಭಾಗಕ್ಕೆ ಕೋಟು, ಟೈ. ಕಾಣದ ಭಾಗಕ್ಕೆ ಪಂಚೆ. ಸೊಂಟದ ಮೇಲೆ ಒಬ್ಬ, ಕೆಳಗೆ ಇನ್ನೊಬ್ಬ: ಸಾಕ್ಷಾತ್ ನರಸಿಂಹಾವತಾರ. ಪ್ರಶ್ನೆ ಕೇಳಲು ಬಂದವಳು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಸುಸಂಸ್ಕೃತೆ. ‘ಅಂಕಲ್’ ಎನ್ನುವುದನ್ನು ಎರಡು ಬಾರಿ ನಾಲಿಗೆಯ ತುದಿಯಲ್ಲಿ ತಡೆದುಕೊಂಡಳು.

“ಐದು ವರ್ಷಗಳ ಅನಂತರ ನೀವು ಎಲ್ಲಿರುತ್ತೀರಿ?”

“ಬಸವೇಶ್ವರನಗರದಲ್ಲಿಯೇ ಅಮ್ಮಾ. ಸ್ವಂತ ಮನೆ.”

“ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?”

ಇದಕ್ಕೆ ‘ಅತಿಯಾದ ಪರಿಶ್ರಮ’ ಎನ್ನಬೇಕೆಂದು ಮಗಳು ಪಾಠ ಹೇಳಿಕೊಟ್ಟಿದ್ದಳು. ಗಾಬರಿಯಲ್ಲಿ ಬಾಯಿಗೆ ನಿಜವೇ ಬಂದುಬಿಟ್ಟಿತು. “ಕರಿದ ತಿಂಡಿ” ಎಂದೆ. ಅದೇ ಹೊತ್ತಿಗೆ ಅಡಿಗೆಮನೆಯ ಕುಕ್ಕರು ಮೂರು ಸಲ ಕೂಗಿತು. ಆ ಹುಡುಗಿ ನಕ್ಕಳು. ನನಗೂ ಧೈರ್ಯ ಬಂತು. ಕೊನೆಯಲ್ಲಿ ಅವಳು, “ನಮ್ಮ ಸಂಸ್ಥೆ ಒಂದು ಕುಟುಂಬವಿದ್ದಂತೆ. ನಾವು ಯೋಚಿಸಿ ನಿಮಗೆ ತಿಳಿಸುತ್ತೇವೆ” ಎಂದಳು.

ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳುತ್ತಿದ್ದ ನನ್ನ ಮಡದಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಒಳಗೆ ಬಂದಳು.

“ಏಕೆ ನಗುತ್ತೀಯೆ?”

“ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದರಲ್ಲ, ಅದಕ್ಕೆ. ನಿಮಗೆ ಇದು ಮೊದಲನೆಯದು. ನನಗೆ ಏಳಾಗಿತ್ತು.”

ಓದುಗರಲ್ಲಿ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡಿನ ಕಡೆಯವರು ಬರುವುದು. ಉಪ್ಪಿಟ್ಟು ಕೇಸರಿಬಾತು ತಿನ್ನುವುದು. ಹಾಡು ಬರುವುದೇ, ಹೊಲಿಗೆ ಬರುವುದೇ, ಎಷ್ಟು ಓದಿದೆ ಎಂದು ಕೇಳುವುದು. ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತ ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎನ್ನುವುದು. ಮಂತ್ರದಂತೆ ಅದೇ ಮಾತು. 1999ರಲ್ಲಿ ನಾನು ಅವಳನ್ನು ನೋಡಲು ಹೋಗುವುದಕ್ಕೆ ಮೊದಲು ಏಳು ಮಂದಿ ನೋಡಿಹೋಗಿದ್ದರಂತೆ. ಇದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

“ಏಳು ಮನೆಯವರಲ್ಲಿ ಎಷ್ಟು ಮಂದಿ ಕಾಗದ ಬರೆದರು?” ಎಂದೆ.

“ಒಬ್ಬರು. ಜಾತಕ ಕೂಡಲಿಲ್ಲ, ನಿಮ್ಮ ಮಗಳಿಗೆ ಒಳ್ಳೆಯ ಮನೆ ಸಿಗಲಿ ಎಂದು ಆ ಹುಡುಗನೇ ಒಂದು ಕಾರ್ಡು ಬರೆದಿದ್ದರು. ಅಕ್ಷರ ಮುತ್ತಿನ ಹಾಗಿತ್ತು.”

“ಅಕ್ಷರವೂ ನೆನಪಿದೆಯೋ?”

“ನೆನಪೇಕೆ? ಕಾರ್ಡೇ ಟ್ರಂಕಿನಲ್ಲಿದೆ.”

ನನಗೆ ಸ್ವಲ್ಪ ಕಸಿವಿಸಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಬೇಡವೆಂದವನ ಕಾರ್ಡನ್ನು ಯಾರಾದರೂ ಜೋಪಾನ ಮಾಡುವುದುಂಟೆ? ಅವಳು ಗಂಭೀರಳಾಗಿ ಹೇಳಿದಳು: “ಉಳಿದ ಆರು ಮನೆಯವರಿಗಾಗಿ ನಮ್ಮ ಅಪ್ಪ ದಿನವೂ ಅಂಚೆಯವನ ದಾರಿ ನೋಡುತ್ತಿದ್ದರು. ನಾನು ಏನು ತಪ್ಪಾಗಿ ಹಾಡಿದೆನೋ, ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೋ ಎಂದು ರಾತ್ರಿಯೆಲ್ಲ ಯೋಚಿಸುತ್ತಿದ್ದೆ. ಆ ಒಬ್ಬರು ಮಾತ್ರ ನನ್ನನ್ನು ಹಾಗೆ ಯೋಚಿಸುವುದಕ್ಕೆ ಬಿಡಲಿಲ್ಲ.”

ಅಂದಿನಿಂದ ನಾನೂ ಕಾಯತೊಡಗಿದೆ. ಆ ಸುಸಂಸ್ಕೃತ ಹುಡುಗಿಯ ಕುಟುಂಬದಿಂದ ಕಾಗದ ಬರಲಿಲ್ಲ. ಎರಡನೆಯ ಸಂದರ್ಶನವಾಯಿತು, ಐದನೆಯದಾಯಿತು. ಎಲ್ಲರೂ ಊರಿಗೆ ಹೋದರು, ಯಾರೂ ಕಾಗದ ಬರೆಯಲಿಲ್ಲ. ಮೊಬೈಲು ಕಿಣಿಯೆಂದಾಗಲೆಲ್ಲ ನಾನೂ ಮಗಳೂ ಒಟ್ಟಿಗೆ ಹಾರಿಬೀಳುವೆವು. ನೋಡಿದರೆ ಯಾವುದೋ ಬ್ಯಾಂಕು ಸಾಲ ಕೊಡಲು ಹಾತೊರೆಯುತ್ತಿರುತ್ತಿತ್ತು. ಬೇಡವೆನ್ನಿಸಿಕೊಳ್ಳುವುದಕ್ಕೆ ನಾನು ಸಿದ್ಧನಾಗಿದ್ದೆ. ಆದರೆ ಹಾಗೆ ಎನ್ನುವವರೇ ಇರಲಿಲ್ಲ. ಉತ್ತರವಿಲ್ಲದಿರುವಾಗ ಮನುಷ್ಯ ತಾನೇ ಉತ್ತರ ಕಲ್ಪಿಸಿಕೊಳ್ಳುತ್ತಾನೆ. ಅದು ಸದಾ ಅತ್ಯಂತ ಕೆಟ್ಟ ಉತ್ತರವೇ ಆಗಿರುತ್ತದೆ. ಕರಿದ ತಿಂಡಿಯಿಂದ ಕೆಟ್ಟಿತೇ? ಕುಕ್ಕರಿನಿಂದ ಕೆಟ್ಟಿತೇ? ನರೆತ ಮೀಸೆಯಿಂದಲೇ? ಒಂದು ರಾತ್ರಿ ಮೀಸೆ ಬೋಳಿಸಿಯೂ ಬಿಟ್ಟೆ. ಬೆಳಗ್ಗೆ ತಂದೆಯವರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಏನೂ ಹೇಳಲಿಲ್ಲ.

ಆ ದಿನಗಳಲ್ಲಿ ಗ್ರಂಥಾಲಯದಲ್ಲಿ ಐನ್‌ಸ್ಟೈನನ ಚರಿತ್ರೆ ಕೈಗೆ ಸಿಕ್ಕಿತು. ಆತ 1900ರಲ್ಲಿ ಜ್ಯೂರಿಚಿನಲ್ಲಿ ಓದು ಮುಗಿಸಿ ಕೆಲಸಕ್ಕಾಗಿ ಪ್ರಾಧ್ಯಾಪಕರಿಗೆಲ್ಲ ಕಾಗದ ಬರೆದನು. 1901ರಲ್ಲಿ ಲೈಪ್‌ಜಿಗ್‌ನ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನಿಗೂ ಬರೆದನು. ಉತ್ತರ ಬಾರದೆ ಇನ್ನೊಮ್ಮೆ ಬರೆದನು. ಆಗ ಅವನ ತಂದೆ ಹರ್ಮನ್, ಮಗನಿಗೆ ತಿಳಿಯದಂತೆ, ತಾವೇ ಅದೇ ಓಸ್ಟ್‌ವಾಲ್ಡನಿಗೆ ಒಂದು ಕಾಗದ ಬರೆದರು. ನನ್ನ ಮಗ ಬಹಳ ನೊಂದಿದ್ದಾನೆ. ಅವನ ಲೇಖನವನ್ನು ಓದಿ ಧೈರ್ಯದ ನಾಲ್ಕು ಮಾತು ಬರೆದರೆ ಸಾಕು. ಸಾಧ್ಯವಾದರೆ ಒಂದು ಸಹಾಯಕನ ಕೆಲಸ ಕೊಡಿ. ನಾನು ಹೀಗೆ ಬರೆದೆನೆಂದು ಅವನಿಗೆ ಗೊತ್ತಿಲ್ಲ ಎಂಬುದು ಆ ಕಾಗದದ ಸಾರಾಂಶ. ಅದಕ್ಕೆ ಉತ್ತರ ಬಂದುದಾಗಿ ತಿಳಿದಿಲ್ಲ. ಮರುವರ್ಷ 1902ರ ಜೂನಿನಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಮೂರನೆಯ ದರ್ಜೆಯ ಕೆಲಸ ಸಿಕ್ಕಿತು. ಆ ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು. 1910ರಲ್ಲಿ ಐನ್‌ಸ್ಟೈನನ ಹೆಸರನ್ನು ನೊಬೆಲ್ ಬಹುಮಾನಕ್ಕೆ ಮೊಟ್ಟಮೊದಲು ಸೂಚಿಸಿದವನು ಬೇರೆ ಯಾರೂ ಅಲ್ಲ, ಅದೇ ಓಸ್ಟ್‌ವಾಲ್ಡ್. ಕೆಟ್ಟವನಲ್ಲ, ಪಾಪ. ನಾಲ್ಕು ಸಾಲು ಬರೆಯಲು ಬಿಡುವಾಗಿರಲಿಲ್ಲವೇನೋ. ಆ ನಾಲ್ಕು ಸಾಲನ್ನು ಓದಬೇಕಾಗಿದ್ದ ಮುದುಕ ಮಾತ್ರ ನೊಬೆಲ್ಲಿನವರೆಗೆ ಕಾಯಲಾಗಲಿಲ್ಲ.

ಪುಸ್ತಕ ಮುಚ್ಚಿ ಮನೆಗೆ ಬಂದೆ. ಅದಾದ ವಾರದೊಳಗೆ, ಒಂದು ಮಧ್ಯಾಹ್ನ, ತಂದೆಯವರು ನನ್ನ ಮೇಜಿನ ಬಳಿ ಬಂದು ಅಂಚೆಯಲ್ಲಿ ಬಂದ ಒಂದು ಲಕೋಟೆಯನ್ನು ಮುಂದಿಟ್ಟರು. ವಿಳಾಸ ಅವರ ಹೆಸರಿಗೆ. ಹಿಂದೆ ಅವರ ಕೈಕೆಳಗೆ ಗುಮಾಸ್ತರಾಗಿದ್ದವರೊಬ್ಬರು ಈಗ ಸ್ವಂತ ಲೆಕ್ಕಪರಿಶೋಧನೆಯ ಕಚೇರಿ ನಡೆಸುತ್ತಿದ್ದಾರೆ, ಅವರಿಂದ ಬಂದದ್ದು. ‘ಪೂಜ್ಯರೇ, ತಮ್ಮ ಚಿರಂಜೀವಿಯವರ ವಿಷಯ ತಿಳಿದು ಖೇದವಾಯಿತು. ನಮ್ಮಲ್ಲಿ ಈಗ ಇರುವವರಿಗೇ ಕೆಲಸ ಸಾಲದಾಗಿದೆ. ಅವರ ಅನುಭವಕ್ಕೆ ತಕ್ಕ ಸ್ಥಾನ ಕೊಡಲಾರೆ. ಅವರ ಕೆಲಸದಲ್ಲಿ ಕೊರತೆಯಿಲ್ಲ, ಕೊರತೆ ನಮ್ಮಲ್ಲಿದೆ.’ ಕೆಳಗೆ ಸಹಿ.

“ನಿಮಗೆ ಹೇಗೆ ಗೊತ್ತಾಯಿತಪ್ಪಾ?”

“ಇಪ್ಪತ್ತಾರು ವರ್ಷ ಷರ್ಟಿನ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಹೋದವನು ನೀನು. ಮನೆಯಿಂದಲೇ ಕೆಲಸ ಎಂದೆಯಲ್ಲ, ಆ ಸೋಮವಾರದಿಂದ ಒಂದೂ ಪೆನ್ನಿಲ್ಲ.”

ನಾನು ತಲೆ ತಗ್ಗಿಸಿದೆ. ಅವರು ಕಾಗದವನ್ನು ಮಡಚಿ ಹೇಳಿದರು: “ಇಲ್ಲ ಎಂದಿದ್ದಾನೆ. ಆದರೆ ಬರೆದಿದ್ದಾನೆ. ನಮ್ಮ ಕಾಲದಲ್ಲಿ, ಇಲ್ಲ ಎಂದು ಬರೆಯುವುದಕ್ಕೇ ಕಚೇರಿಯಲ್ಲಿ ಒಬ್ಬ ಗುಮಾಸ್ತನಿರುತ್ತಿದ್ದ. ಎರಡು ವರ್ಷ ಆ ಕೆಲಸ ಮಾಡಿದವನು ಇವನೇ.”

ಆ ಕಾಗದದಿಂದ ನನಗೆ ಕೆಲಸವೇನೂ ಸಿಗಲಿಲ್ಲ. ಆದರೆ ಆ ರಾತ್ರಿ, ಮೂರು ತಿಂಗಳಲ್ಲಿ ಮೊದಲ ಬಾರಿಗೆ, ಚೆನ್ನಾಗಿ ನಿದ್ದೆ ಬಂತು. ಮೀಸೆಯನ್ನೂ ಮತ್ತೆ ಬಿಟ್ಟೆ.

ಕೆಲಸ ಸಿಕ್ಕಿದ್ದು ತೊಂಬತ್ತೊಂದನೆಯ ಅರ್ಜಿಗೆ: ಚಾಮರಾಜಪೇಟೆಯಲ್ಲಿ, ಸಾಂಬಾರ ಪದಾರ್ಥಗಳ ಸಗಟು ವ್ಯಾಪಾರಿಯೊಬ್ಬರ ಬಳಿ. ಸಂಬಳ ಮೊದಲಿನದರಲ್ಲಿ ಮೂರರಲ್ಲಿ ಎರಡು ಪಾಲು. ಧನಿಯ ಮೆಣಸಿನಕಾಯಿಯ ಘಾಟು ಉಚಿತ. ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಾಳೆ ಬರುತ್ತೀರಾ?” ಅರ್ಧ ಗಂಟೆಯಲ್ಲಿ ಬರಬಲ್ಲೆನೆಂದೆ.

ಸೇರಿದ ತಿಂಗಳಿನಲ್ಲಿ ನನಗೊಬ್ಬ ಸಹಾಯಕ ಬೇಕಾಯಿತು. ಮಾಲೀಕರು ಆರಿಸುವ ಕೆಲಸವನ್ನು ನನಗೇ ವಹಿಸಿದರು. ನಲವತ್ತಮೂರು ಅರ್ಜಿಗಳು ಬಂದವು. ಒಬ್ಬನನ್ನು ತೆಗೆದುಕೊಂಡೆ. ಉಳಿದ ನಲವತ್ತೆರಡು ಮಂದಿಗೆ, ಅವರವರ ಹೆಸರು ಹಾಕಿ, ಎರಡೆರಡು ಸಾಲು ಬರೆಯಲು ಕುಳಿತೆ. ಮೂರು ಸಂಜೆಗಳಾದವು.

“ಬೇಡವೆಂದವರಿಗೆ ಕಾಗದ ಯಾತಕ್ಕೆ ಸ್ವಾಮಿ?” ಎಂದರು ಮಾಲೀಕರು.

“ಊರಿಗೆ ಹೋಗಿ ಬರೆಯುತ್ತೇವೆ ಎಂದಿದ್ದೆವಲ್ಲ” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಡೆಯಲಿಲ್ಲ.

ನಲವತ್ತೆರಡರಲ್ಲಿ ಒಬ್ಬ ಹುಡುಗ ಮಾತ್ರ ಮರಳಿ ಬರೆದ: ‘ಧನ್ಯವಾದ ಸರ್. ಒಂದು ವರ್ಷದಲ್ಲಿ ನನಗೆ ಬಂದ ಮೊದಲ ಉತ್ತರ ಇದು.’ ಅದನ್ನು ಮನೆಯಲ್ಲಿ ಓದಿ ತೋರಿಸಿದೆ. ಮಡದಿ ಟ್ರಂಕಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಮುತ್ತಿನಂಥ ಅಕ್ಷರದ ಆ ಮಹಾನುಭಾವನ ಮೇಲೆ ನನಗಿದ್ದ ಕಸಿವಿಸಿ ಅಂದಿಗೆ ತೀರಿತು, ಹೆಚ್ಚುಕಡಮೆ ತೀರಿತು.

ನಮ್ಮ ಮಗಳು ಇನ್ನೂ ಕಾಯುತ್ತಿದ್ದಾಳೆ. ಉತ್ತರವೇನಾದರೂ ಬಂದರೆ ಅದು ಮೊಬೈಲಿಗೆ ಬರುತ್ತದೆಂದು ಎಷ್ಟು ಹೇಳಿದರೂ, ಅವಳ ತಾತ ದಿನವೂ ಮಧ್ಯಾಹ್ನ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಅಂಚೆಯವನ ದಾರಿ ನೋಡುತ್ತಾರೆ. ಈ ಪುಟವನ್ನು ಓದುವವರಲ್ಲಿ ಕೆಲಸ ಕೊಡುವ ಕೈ ಯಾರದಾದರೂ ಇದ್ದರೆ, ಕೊಡುವುದೂ ಬಿಡುವುದೂ ನಿಮ್ಮ ಚಿತ್ತ. ಇಲ್ಲವೆನ್ನುವುದಾದರೆ ಎರಡು ಸಾಲು ಬರೆದು ಹಾಕಿ. ಬಿಸಿಲು ಹೆಚ್ಚಾಗಿದೆ, ತಂದೆಯವರು ಗೇಟು ಬಿಟ್ಟು ಒಳಗೆ ಬರಲಿ.